ಕಲಾಸ್ ಪ್ರಕರಣ

ಕಲಾಸ್ ಪ್ರಕರಣ: 18ನೆಯ ಶತಮಾನದ ಫ್ರಾನ್ಸಿನಲ್ಲಿ ನಡೆದ ಒಂದು ಕೊಲೆ ಮೊಕದ್ದಮೆ. ಟೂಲೂಸ್ ನಗರದ ಬಟ್ಟೆ ವ್ಯಾಪಾರಿ ಜಾನ್ ಕಲಾಸ್ (1698–1762) ಹೆತ್ತ ಮಗನನ್ನೇ ಕೊಂದನೆಂಬ ಆರೋಪದ ಮೇಲೆ ಮರಣದಂಡನೆಗೆ ಗುರಿಯಾದ. ಸತ್ತ ಮೂರು ವರ್ಷಗಳ ಮೇಲೆ ನಿರ್ದೋಷಿ ಎನಿಸಿಕೊಂಡ. ವಿಚಾರಶಕ್ತಿ, ವ್ಯಕ್ತಿಯ ಹಕ್ಕು, ಪ್ರಭುತ್ವದ ಮಿತಿ ಎಂದು ಜ್ಞಾನೋದಯ ಯುಗದ ಚಿಂತಕರು ಗ್ರಂಥಗಳಲ್ಲಿ ಬರೆದದ್ದೆಲ್ಲ ಇಲ್ಲಿ ಒಬ್ಬ ಸಾಮಾನ್ಯ ಗೃಹಸ್ಥನ ಪ್ರಾಣದ ಪ್ರಶ್ನೆಯಾಯಿತು. ಆ ಯುಗವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಕಲಾಸ್ ಪ್ರಾಟೆಸ್ಟಂಟ್ ಪಂಥದವನು. ದೊರೆ 14ನೆಯ ಲೂಯಿ 1685ರಲ್ಲಿ, ಪ್ರಾಟೆಸ್ಟಂಟರಿಗೆ ಮನ್ನಣೆ ನೀಡಿದ್ದ ನಾಂಟ್ ಶಾಸನವನ್ನು ರದ್ದುಪಡಿಸಿದ ಮೇಲೆ ಫ್ರಾನ್ಸಿನಲ್ಲಿ ಈ ಪಂಥಕ್ಕೆ ಕಾನೂನಿನ ಮನ್ನಣೆ ಇರಲಿಲ್ಲ. ಹಿರಿಯ ಮಗ ಮಾರ್ಕ್ ಆಂಟ್ವಾನ್ ಕಾನೂನು ಓದಿದ್ದ. ಆದರೆ ಕ್ಯಾಥೊಲಿಕನೆಂಬ ಪ್ರಮಾಣಪತ್ರವಿಲ್ಲದೆ ವಕೀಲಿ ಸನ್ನದು ಸಿಗುವಂತಿರಲಿಲ್ಲ. 28ರ ಹರೆಯದಲ್ಲಿ ಅವನು ಅಪ್ಪನ ಅಂಗಡಿಯಲ್ಲಿ ಬೇಸತ್ತು ಕುಳಿತಿದ್ದ.

1761ರ ಅಕ್ಟೋಬರ್ 13ರ ರಾತ್ರಿ, ಊಟ ಮುಗಿಯುತ್ತಲೇ ಮಾರ್ಕ್ ಆಂಟ್ವಾನ್ ಎದ್ದು ಕೆಳಗಿಳಿದು ಹೋದ. ಮನೆಗೆ ಬಂದಿದ್ದ ಅತಿಥಿ ಲವೇಸ್‌ನನ್ನು ಕಳಿಸಿಕೊಡಲು ತಮ್ಮ ಪಿಯೆರ್ ದೀಪ ಹಿಡಿದು ಬಂದಾಗ ಅಂಗಡಿಯಲ್ಲಿ ಕಂಡದ್ದು ಅಣ್ಣನ ಹೆಣ. ಯಾರೋ ಕೊಂದಿದ್ದಾರೆ ಎಂದು ಮನೆಯವರು ಮೊದಲು ಹೇಳಿದರು. ಅಂಗಡಿಯ ಜೋಡಿ ಕದಗಳ ಮೇಲೆ ಅಡ್ಡಲಾಗಿಟ್ಟ ದೊಣ್ಣೆಗೆ ನೇಣು ಹಾಕಿಕೊಂಡಿದ್ದ ಎಂದು ಒಪ್ಪಿಕೊಂಡದ್ದು ಆಮೇಲೆ. ಆತ್ಮಹತ್ಯೆ ಮಾಡಿಕೊಂಡವನ ಶವವನ್ನು ಬೀದಿಯಲ್ಲಿ ಎಳೆದೊಯ್ಯುವ ಶಿಕ್ಷೆ ಅಂದು ಇತ್ತು. ಮಗನಿಗೆ ಆ ಗತಿ ಬರಬಾರದೆಂದು ಹೇಳಿದ ಸುಳ್ಳೇ ತಂದೆಯ ಕೊರಳಿಗೆ ಉರುಳಾಯಿತು.

ಮನೆಯ ಮುಂದೆ ನೆರೆದವರಲ್ಲಿ, ಮಗ ಕ್ಯಾಥೊಲಿಕನಾಗಲಿದ್ದ, ಅದಕ್ಕೇ ಕೊಂದರು ಎಂಬ ಮಾತು ಹುಟ್ಟಿತು. ಬೆಳಗಾಗುವುದರೊಳಗೆ ಊರೇ ಅದನ್ನು ನಂಬಿತು. ಸತ್ತವನಿಗೆ ಹುತಾತ್ಮನ ಗೌರವದಿಂದ ಕ್ಯಾಥೊಲಿಕ್ ಸಂಸ್ಕಾರ ನಡೆಯಿತು. ಗೊತ್ತಿದ್ದವರು ಬಂದು ಸಾಕ್ಷಿ ನುಡಿಯಬೇಕೆಂದು ಚರ್ಚುಗಳಲ್ಲಿ ಓದಿಸಿದ ಪ್ರಕಟಣೆಯೂ ಕೊಲೆ ನಡೆದೇ ಇದೆ ಎಂಬ ಧಾಟಿಯಲ್ಲಿತ್ತು.

ಅಂದಿನ ನ್ಯಾಯಪದ್ಧತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ವಿಚಾರಣೆ ಗುಟ್ಟಾಗಿ ನಡೆಯುತ್ತಿತ್ತು. ತೀರ್ಪಿಗೆ ಕಾರಣ ಬರೆಯುವ ಕಟ್ಟುಪಾಡಿರಲಿಲ್ಲ. ಪೂರ್ಣ ಪುರಾವೆಗೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಬೇಕು. ಅವರು ಸಿಗದಿದ್ದರೆ ಗಾಳಿಮಾತು, ಅನುಮಾನಗಳನ್ನು ಅರ್ಧ ಪುರಾವೆ, ಕಾಲು ಪುರಾವೆ ಎಂದು ಎಣಿಸಿ ಕೂಡಿಸುವ ರೂಢಿಯಿತ್ತು. ಉಳಿದ ಕೊರತೆ ತುಂಬಲು ಚಿತ್ರಹಿಂಸೆ. ಉನ್ನತ ನ್ಯಾಯಾಲಯಗಳ ಹುದ್ದೆಗಳು ಹಣಕ್ಕೆ ಮಾರಾಟವಾಗುತ್ತಿದ್ದವು, ವಂಶದಲ್ಲಿ ಇಳಿದು ಬರುತ್ತಿದ್ದವು. ಅಧಿಕಾರ ಒಂದೇ ಕೈಯಲ್ಲಿ ಸೇರಬಾರದೆಂದು 1748ರ ಗ್ರಂಥದಲ್ಲಿ ವಾದಿಸಿದ ಮಾಂಟೆಸ್ಕ್ಯೂಗೆ ಕೂಡ ಬೋರ್ಡೋ ನ್ಯಾಯಾಲಯದ ಹುದ್ದೆ ದೊಡ್ಡಪ್ಪನಿಂದಲೇ ಬಂದಿತ್ತು.

1762ರ ಮಾರ್ಚ್ 9ರಂದು ಟೂಲೂಸ್ ಉನ್ನತ ನ್ಯಾಯಾಲಯದ 13 ನ್ಯಾಯಾಧೀಶರಲ್ಲಿ 8 ಮಂದಿ ಕಲಾಸನ ಮರಣದಂಡನೆಯ ಪರ ನಿಂತರು. ಮರುದಿನ ಚಿತ್ರಹಿಂಸೆ ಕೊಟ್ಟರು. ಜೊತೆಗಾರರ ಹೆಸರು ಹೇಳೆಂದರು. ಹೇಳಲು ಹೆಸರೇ ಇರಲಿಲ್ಲ. ಚಕ್ರಕ್ಕೆ ಕಟ್ಟಿ ಮೂಳೆ ಮುರಿದು, ಎರಡು ಗಂಟೆಗಳ ಮೇಲೆ ಕತ್ತು ಹಿಸುಕಿ, ದೇಹವನ್ನು ಸುಟ್ಟರು. ತಾನು ನಿರಪರಾಧಿ ಎಂಬ ಮಾತನ್ನು ಕಲಾಸ್ ಕೊನೆಯವರೆಗೂ ಬಿಡಲಿಲ್ಲ. ಅವನೊಂದಿಗೆ ಸೆರೆಯಾಗಿದ್ದ ಅತಿಥಿ, ತಾಯಿ ಮತ್ತು ಮನೆಗೆಲಸದವಳು ಬಿಡುಗಡೆಯಾದರು, ಪಿಯೆರ್‌ಗೆ ಗಡೀಪಾರಾಯಿತು.

ಸ್ವಿಸ್ ಗಡಿಯ ಫೆರ್ನೆಯಲ್ಲಿದ್ದ ಚಿಂತಕ ವೋಲ್ಟೇರ್ ಮೊದಲಿಗೆ ಕಲಾಸ್ ತಪ್ಪಿತಸ್ಥನಿರಬೇಕೆಂದೇ ಎಣಿಸಿದ್ದ. ಜಿನೀವಾಕ್ಕೆ ಓಡಿಬಂದಿದ್ದ ಕಿರಿಯ ಮಗ ಡೊನಾನನ್ನು ಕರೆಸಿ ಕೇಳಿದ ಮೇಲೆ ಅವನ ಮನಸ್ಸು ತಿರುಗಿತು. ಅವನು ಎತ್ತಿದ ಪ್ರಶ್ನೆ ಯಾರಿಗಾದರೂ ಹೊಳೆಯುವಂಥದು. ಅರವತ್ತು ದಾಟಿದ ಮುದುಕ ಗಟ್ಟಿಮುಟ್ಟಾದ ಯುವಕನನ್ನು ಒಬ್ಬನೇ ನೇಣಿಗೇರಿಸಲಾರ. ಹಾಗಾದರೆ ಮನೆಯಲ್ಲಿದ್ದವರೆಲ್ಲ ಸೇರಿರಬೇಕು, ಶ್ರದ್ಧಾವಂತ ಕ್ಯಾಥೊಲಿಕಳಾದ ಮನೆಗೆಲಸದವಳೂ ಸೇರಿರಬೇಕು. ಅವರನ್ನು ಬಿಟ್ಟು ಇವನೊಬ್ಬನನ್ನು ಕೊಂದದ್ದು ಯಾವ ನ್ಯಾಯ? ವೈಚಾರಿಕತೆ ಎಂದು ಆ ಯುಗ ಹೇಳಿದ್ದರ ತಿರುಳು ಇದೇ: ಊರೆಲ್ಲ ಆಡಿದ ಮಾತನ್ನೂ ಹಿಡಿದು ನಿಲ್ಲಿಸಿ, ಇದು ಸಾಧ್ಯವೇ ಎಂದು ಕೇಳುವ ಎದೆಗಾರಿಕೆ.

ವೋಲ್ಟೇರ್ ಪತ್ರಗಳ ಮಳೆಗರೆದ, ವಕೀಲರನ್ನು ಹಿಡಿದ, ವಿಧವೆಯನ್ನು ಪ್ಯಾರಿಸ್ಸಿಗೆ ಕಳಿಸಿದ. ಗುಟ್ಟಿನ ಕಡತ ಬಯಲಿಗೆ ಬರಲೆಂಬುದೇ ಅವನ ಬೇಡಿಕೆ. 1763ರಲ್ಲಿ ಸಹಿಷ್ಣುತೆ ಕುರಿತ ಗ್ರಂಥ ಹೊರಬಂತು. ಆತ್ಮಸಾಕ್ಷಿಯ ಮೇಲೆ ಪ್ರಭುತ್ವಕ್ಕೆ ಹಕ್ಕಿಲ್ಲವೆಂದು ಜಾನ್ ಲಾಕ್ 1689ರಲ್ಲೇ ವಾದಿಸಿದ್ದ. ವೋಲ್ಟೇರ್ ಆ ವಾದಕ್ಕೆ ಒಂದು ಮುಖ, ಒಂದು ಮನೆಯ ವಿಳಾಸ ಕೊಟ್ಟ. 1764ರ ಜೂನ್‌ನಲ್ಲಿ ರಾಜನ ಸಭೆ ತೀರ್ಪನ್ನು ರದ್ದುಮಾಡಿತು. 1765ರ ಮಾರ್ಚ್ 9ರಂದು, ಶಿಕ್ಷೆ ವಿಧಿಸಿದ ದಿನಕ್ಕೆ ಸರಿಯಾಗಿ ಮೂರು ವರ್ಷಕ್ಕೆ, ಕಲಾಸ್ ನಿರ್ದೋಷಿಯೆಂದು ಘೋಷಣೆಯಾಯಿತು. ರಾಜನು ಕಲಾಸನ ಕುಟುಂಬಕ್ಕೆ 36,000 ಲಿವ್ರ್ ಕೊಟ್ಟ.

ಪ್ರಕರಣದ ಕಾವು ಆರುವ ಮೊದಲೇ ಇಟಲಿಯ ಬೆಕ್ಕಾರಿಯಾ ಚಿತ್ರಹಿಂಸೆ ಮತ್ತು ಮರಣದಂಡನೆಗಳ ವಿರುದ್ಧ ಬರೆದ ಪುಸ್ತಕ (1764) ಪ್ರಕಟವಾಗಿತ್ತು. ಅದಕ್ಕೆ 1766ರಲ್ಲಿ ವ್ಯಾಖ್ಯಾನ ಬರೆದವನು ವೋಲ್ಟೇರನೇ. ತಪ್ಪೊಪ್ಪಿಗೆ ಹೊರಡಿಸಲು ಕೊಡುತ್ತಿದ್ದ ಚಿತ್ರಹಿಂಸೆಯನ್ನು ಫ್ರಾನ್ಸ್ 1780ರಲ್ಲಿ ನಿಲ್ಲಿಸಿತು. 1787ರ ಶಾಸನ ಪ್ರಾಟೆಸ್ಟಂಟರಿಗೆ ಮದುವೆ, ಜನನ, ಮರಣಗಳನ್ನು ಕಾನೂನಿನಡಿ ದಾಖಲಿಸುವ ಹಕ್ಕು ಕೊಟ್ಟಿತು. 1789ರ ಮಾನವ ಹಕ್ಕುಗಳ ಘೋಷಣೆಯ 9ನೆಯ ವಿಧಿ ಅಪರಾಧ ಸಾಬೀತಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿ ಎಂದಿತು. 10ನೆಯ ವಿಧಿ ಧಾರ್ಮಿಕ ಅಭಿಪ್ರಾಯಕ್ಕೂ ರಕ್ಷಣೆ ನೀಡಿತು. ವೋಲ್ಟೇರನ ಅವಶೇಷಗಳನ್ನು 1791ರ ಜುಲೈ 11ರಂದು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಒಯ್ದ ರಥದ ಮೇಲೆ ಕಲಾಸನ ಹೆಸರನ್ನೂ ಬರೆಸಿದ್ದರು.