ಅರಿವಳಿಕೆ ವೈದ್ಯರ ಶಿಕ್ಷಣ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

ನಂಜನಗೂಡು ಕಪಿಲೆಯ ದಡದಲ್ಲಿದೆ. ಅದೇ ಕಪಿಲೆ ಕಾವೇರಿಯನ್ನು ಕೂಡುವೆಡೆಯಲ್ಲಿ ತಿರುಮಕೂಡಲು ನರಸೀಪುರವಿದೆ. ಮೊದಲನೆಯದು ಮೈಸೂರಿಗೆ ದಕ್ಷಿಣದಲ್ಲಿ ಸುಮಾರು 24 ಕಿಲೋಮೀಟರು ದೂರ, ಎರಡನೆಯದು ಆಗ್ನೇಯದಲ್ಲಿ ಸುಮಾರು 30 ಕಿಲೋಮೀಟರು ದೂರ. ಕೋಳಿಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯು ಇವೆರಡನ್ನೂ ಮೈಸೂರಿನ ಮೂಲಕವೇ ಜೋಡಿಸಿದೆ. ಈ ಎರಡು ಕ್ಷೇತ್ರಗಳ ದೇವಾಲಯಗಳನ್ನೂ ಶಾಸನಗಳನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಬೇರೆ. ಈ ತಾಲ್ಲೂಕುಗಳ ರೋಗಿಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದಾಗ ಅವರ ಅರಿವನ್ನೋ ನೋವನ್ನೋ ಕಳೆದು, ಕೆಲಸ ಮುಗಿದ ಮೇಲೆ ಅವರನ್ನು ಕ್ಷೇಮವಾಗಿ ಹಿಂದಿರುಗಿಸಬೇಕಾದ ವೈದ್ಯರು ಎಲ್ಲಿ, ಯಾರ ಬಳಿ, ಎಷ್ಟು ಕಾಲ ಕಲಿತವರು? ಆ ಕಲಿಕೆಗೂ ಈ ಊರುಗಳ ಅವಶ್ಯಕತೆಗೂ ಇರುವ ಸಂಬಂಧ ಎಂಥದು?

ವೈದ್ಯದ ನೆನಪು ನಂಜನಗೂಡಿಗೆ ಹೊಸದಲ್ಲ. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದುದಕ್ಕಾಗಿ ಇಲ್ಲಿಯ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬುದು ಜನಜನಿತವಾದ ಐತಿಹ್ಯ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯು ಊರಿನ ಹೆಸರನ್ನು ಹಲ್ಲುಪುಡಿಯೊಡನೆ ನಾಡಿನ ಮನೆಮನೆಗೂ ಮುಟ್ಟಿಸಿತು. ನಂಜನ್ನು ಉಂಡು ಕಂಠದಲ್ಲಿಯೇ ತಡೆಹಿಡಿದ ದೇವರು ಅರಿವಳಿಕೆಯ ವೈದ್ಯರಿಗೆ ಒಪ್ಪುವ ಅಧಿದೈವವೆಂದು ಯಾರಾದರೂ ಹೇಳಿದರೆ ನಾವು ವಾದಿಸಲಾರೆವು. ಅವರ ಕೈಯಲ್ಲಿರುವ ಮದ್ದುಗಳಲ್ಲಿ ಹೆಚ್ಚಿನವು ಪ್ರಮಾಣ ಮೀರಿದರೆ ನಂಜೇ.

ಅರಿವಳಿಕೆಯು ಬಳಕೆಗೆ ಬಂದ ವೇಗಕ್ಕೂ ಅದರ ಶಿಕ್ಷಣವು ಬೆಳೆದ ವೇಗಕ್ಕೂ ಏನೇನೂ ಹೊಂದಿಕೆಯಿಲ್ಲ. ಬಾಸ್ಟನ್ ನಗರದಲ್ಲಿ ಮಾರ್ಟನ್ನನು 1846ರ ಅಕ್ಟೋಬರ್ 16ರಂದು ಈಥರಿನ ಪ್ರಯೋಗವನ್ನು ಬಹಿರಂಗವಾಗಿ ತೋರಿಸಿದ ಐದೇ ತಿಂಗಳಲ್ಲಿ, 1847ರ ಮಾರ್ಚ್ 22ರಂದು, ಕಲ್ಕತ್ತೆಯಲ್ಲಿ ಅದನ್ನು ಕೊಡಲಾಯಿತು. ಅದೇ ವರ್ಷ ಎಡಿನ್‌ಬರೋದ ಸಿಂಪ್ಸನ್ನನು ಬಳಕೆಗೆ ತಂದ ಕ್ಲೋರೋಫಾರಂ 1848ರ ಜನವರಿಯಲ್ಲಿಯೇ ಕಲ್ಕತ್ತೆಯನ್ನು ತಲುಪಿತು. ಆದರೆ ಸೀಸೆಯೊಡನೆ ಗುರುವು ಹಡಗೇರಿ ಬರಲಿಲ್ಲ. ಬಟ್ಟೆಯ ಮೇಲೆ ಹನಿಯಿಕ್ಕುವ ಕೆಲಸ ಶಸ್ತ್ರವೈದ್ಯನ ಪಕ್ಕದಲ್ಲಿ ಯಾರ ಕೈ ಬಿಡುವಾಗಿತ್ತೋ ಅವರದಾಯಿತು. ಅದೇ 1848ರ ಜನವರಿ 28ರಂದು ಇಂಗ್ಲೆಂಡಿನಲ್ಲಿ ಹಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರಂ ಕೊಟ್ಟ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಇಂಥ ಸಾವಿಗೆ ಕಾರಣವೇನೆಂಬ ವಾದ ಅಲ್ಲಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ಆ ವಾದದ ಮುಖ್ಯ ಘಟ್ಟವೊಂದು ನಡೆದುದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಬೀದರ, ಕಲಬುರ್ಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದುವು. ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿಯು ಎಡಿನ್‌ಬರೋದಲ್ಲಿ ಸೈಮ್ ಎಂಬ ಶಸ್ತ್ರವೈದ್ಯನ ಬಳಿ ಕಲಿತವನು. ನಾಡಿಯನ್ನು ನೋಡಬೇಡಿರಿ, ಉಸಿರನ್ನು ನೋಡಿರಿ ಎಂಬುದೇ ಅವನು ಶಿಷ್ಯರಿಗೆ ಕಲಿಸಿದ ಪಾಠದ ಸಾರ. ಇದನ್ನು ಸ್ಥಾಪಿಸಲು 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು, ಹೀಗೆ ಎರಡು ಕ್ಲೋರೋಫಾರಂ ಆಯೋಗಗಳು ನಿಜಾಮರ ಹಣದಿಂದ ನಡೆದುವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ಅಲ್ಲಿ ಕಲಿತು ಕ್ಲೋರೋಫಾರಂ ಕೊಡುವುದರಲ್ಲಿ ನುರಿತವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆಯೂ ಒಬ್ಬರು. ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುವುದೆಂದು ಆಯೋಗಗಳು ತೀರ್ಮಾನಿಸಿದುವು. ಆದರೆ 1911ರಲ್ಲಿ ಲೆವಿ ಎಂಬ ವಿಜ್ಞಾನಿಯು, ಕ್ಲೋರೋಫಾರಮ್ಮಿನ ಹಗುರವಾದ ಮಂಪರಿನಲ್ಲಿ ಹೃದಯವೇ ಮೊದಲು ತಾಳ ತಪ್ಪಿ ನಿಲ್ಲಬಹುದೆಂಬುದನ್ನು ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದನು. ಲಾರಿಯ ಸಿದ್ಧಾಂತ ಹೀಗೆ ಬಿದ್ದುಹೋಯಿತು. ಆದರೂ ಅವನ ಶಾಲೆಯ ಒಂದು ಅಂಶವನ್ನು ನಾವು ಗೌರವದಿಂದ ಗುರುತಿಸಬೇಕು: ಅರಿವಳಿಕೆಯು ಯಾರಾದರೂ ಮಾಡಬಹುದಾದ ಕೈಗೆಲಸವಲ್ಲ, ಕ್ರಮವಾಗಿ ಕಲಿಸಬೇಕಾದ ವಿದ್ಯೆ ಎಂಬ ಭಾವನೆ ಅಲ್ಲಿತ್ತು.

ಮೈಸೂರು ಸಂಸ್ಥಾನದಲ್ಲಿ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಕೃಷ್ಣರಾಜೇಂದ್ರ ಆಸ್ಪತ್ರೆ ಅದರ ಬೋಧನಾಲಯವಾಯಿತು. ಅಷ್ಟು ಹೊತ್ತಿಗೆ ಹೊರಗಿನ ಜಗತ್ತಿನಲ್ಲಿ ಈ ವಿದ್ಯೆ ಸ್ವತಂತ್ರ ಶಾಸ್ತ್ರವಾಗತೊಡಗಿತ್ತು. ಬೀರ್ ಎಂಬ ಜರ್ಮನ್ ವೈದ್ಯನು 1898ರಲ್ಲಿ ಬೆನ್ನುಹುರಿಯ ದ್ರವಕ್ಕೆ ಮದ್ದು ಕೊಡುವ ಕ್ರಮವನ್ನು ತೋರಿಸಿದ್ದನು. 1917ರಲ್ಲಿ ಬಾಯ್ಲ್ ಯಂತ್ರ ಬಂದಿತ್ತು. 1937ರಲ್ಲಿ ಆಕ್ಸ್‌ಫರ್ಡಿನಲ್ಲಿ ಮ್ಯಾಕಿಂಟಾಷ್ ಪ್ರಾಧ್ಯಾಪಕರಾದರು. ನಮ್ಮ ದೇಶದ ಅರಿವಳಿಕೆ ವೈದ್ಯರ ಸಂಘ ಹುಟ್ಟಿದ್ದು 1947ರಲ್ಲಿ.

ಇಂದು ಈ ಶಾಸ್ತ್ರದ ಎಂ.ಡಿ. ಪದವಿಗೆ ಮೂರು ವರ್ಷಗಳ ರೆಸಿಡೆನ್ಸಿ. ಈ ಹೆಸರು ಸಾರ್ಥಕವಾದುದು, ಏಕೆಂದರೆ ವಿದ್ಯಾರ್ಥಿಯು ಬಹುಮಟ್ಟಿಗೆ ಆಸ್ಪತ್ರೆಯಲ್ಲಿಯೇ ವಾಸಿಸುತ್ತಾನೆ. ಮೊದಲ ತಿಂಗಳುಗಳಲ್ಲಿ ಕಲಿಯುವುದು ಹೊರಗಿನವರಿಗೆ ಅಲ್ಪವೆಂದು ತೋರುವ ಸಂಗತಿಗಳು: ಯಂತ್ರವನ್ನು ಬೆಳಗ್ಗೆ ಪರೀಕ್ಷಿಸುವುದು, ಹಿಂದಿನ ಸಂಜೆಯೇ ರೋಗಿಯನ್ನು ಕಂಡು ಹೃದಯ ಶ್ವಾಸಕೋಶಗಳನ್ನು ವಿಚಾರಿಸುವುದು, ಬಾಯಿ ತೆರೆಸಿ ಗಂಟಲು ಎಷ್ಟು ಕಾಣುವುದೆಂದು ಅಳೆಯುವುದು. ಗಂಟಲಿನ ಈ ಅಳತೆಯ ಕ್ರಮವನ್ನು 1985ರಲ್ಲಿ ಪ್ರಕಟಿಸಿದವರು ಭಾರತ ಮೂಲದ ಮಲ್ಲಂಪಟಿಯವರು. ಇಂದಿಗೂ ಅವರ ಹೆಸರಿನಿಂದಲೇ ಅದು ಪ್ರಸಿದ್ಧ. ಆಮೇಲೆ ಮುಖಕ್ಕೆ ಮಾಸ್ಕನ್ನು ಒತ್ತಿ ಚೀಲದಿಂದ ಉಸಿರು ಕೊಡುವುದು. ಇದನ್ನು ಅರಿಯದವನಿಗೆ ಶ್ವಾಸನಾಳದಲ್ಲಿ ನಳಿಕೆಯಿಡುವ ಕೌಶಲವಿದ್ದೂ ಅಪಾಯವೇ, ಏಕೆಂದರೆ ನಳಿಕೆ ಹೋಗದ ಹೊತ್ತಿನಲ್ಲಿ ರೋಗಿಯನ್ನು ಉಳಿಸುವುದು ಚೀಲವೇ. ಬೆನ್ನಿನ ಸೂಜಿಯನ್ನು ಸೊಂಟದ ಯಾವ ಸಂದಿಯಲ್ಲಿ ಹಾಕಬೇಕು, ಹುರಿ ಎಲ್ಲಿ ಮುಗಿಯುತ್ತದೆ ಎಂಬುದು ಪುಸ್ತಕದಿಂದ ತಿಳಿಯುತ್ತದೆ. ಪೊರೆಯನ್ನು ದಾಟುವಾಗ ಬೆರಳಿಗೆ ತಿಳಿಯುವ ಸಡಿಲವನ್ನು ಪುಸ್ತಕ ಹೇಳಲಾರದು. ಪಕ್ಕದಲ್ಲಿ ನಿಂತ ಹಿರಿಯರು ಮೊದಲು ತಾವು ಮಾಡಿ ತೋರಿಸುತ್ತಾರೆ. ಅನಂತರ ಕೈ ಹಿಡಿದು ಮಾಡಿಸುತ್ತಾರೆ. ಅನಂತರ ಮೂರು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೊನೆಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರುತ್ತಾರೆ. ಮೂರು ವರ್ಷಗಳ ಈ ಶಿಕ್ಷಣವನ್ನು ಹಿರಿಯರು ಕ್ರಮವಾಗಿ ದೂರ ಸರಿಯುವ ಕಲೆಯೆಂದು ವರ್ಣಿಸಬಹುದು. ಮಾಡಿದ ಪ್ರತಿಯೊಂದು ಕೆಲಸವೂ ಲಾಗ್ ಪುಸ್ತಕದಲ್ಲಿ ದಾಖಲಾಗಿ ಹಿರಿಯರ ಸಹಿ ಪಡೆಯಬೇಕು. ಪ್ರಬಂಧವೊಂದನ್ನೂ ಬರೆಯಬೇಕು, ಅದರ ವಿಷಯ ಇಲ್ಲಿ ಬೇಡ.

ಈಗ ತಾಲ್ಲೂಕಿಗೆ ಬರೋಣ. ಅಲ್ಲಿ ಅರಿವಳಿಕೆಯ ಅಗತ್ಯ ಬಹುಮಟ್ಟಿಗೆ ಹೆರಿಗೆಯ ಕೋಣೆಯಿಂದ ಏಳುತ್ತದೆ. ಸಿಸೇರಿಯನ್ ಹೆರಿಗೆಗೆ ಸಾಮಾನ್ಯವಾಗಿ ಬೆನ್ನಿನ ಸೂಜಿಯೇ ಸಾಕು. ಆದರೆ ಅದರಿಂದ ರಕ್ತದ ಒತ್ತಡ ಒಮ್ಮೆಲೇ ಕುಸಿಯಬಹುದು. ಅಂಗಾತ ಮಲಗಿದ ಗರ್ಭಿಣಿಯ ದೊಡ್ಡ ರಕ್ತನಾಳಗಳನ್ನು ಗರ್ಭವು ಅದುಮುವುದರಿಂದ ಅವಳನ್ನು ಎಡಕ್ಕೆ ವಾಲಿಸಬೇಕು. ಮಾಸು ಮೊದಲೇ ಬಿಟ್ಟು ರಕ್ತ ಹರಿಯುತ್ತಿದ್ದರೆ ಬೆನ್ನಿನ ಸೂಜಿ ಕೂಡದೆಂಬ ಪ್ರಸಂಗವೂ ಉಂಟು. ಆಗ ಪೂರ್ಣ ಅರಿವಳಿಕೆಯೇ ಗತಿ, ತುಂಬಿದ ಹೊಟ್ಟೆಯ ಗರ್ಭಿಣಿಯ ಗಂಟಲಿನಲ್ಲಿ ನಳಿಕೆಯಿಡುವುದು ಈ ಶಾಸ್ತ್ರದ ಕಠಿಣ ಪರೀಕ್ಷೆಗಳಲ್ಲೊಂದು. ಮೈಸೂರಿನಲ್ಲಾದರೆ ಇನ್ನೊಂದು ಜೊತೆ ಕೈಗಳು ಓಡಿಬರುತ್ತವೆ. ತಾಲ್ಲೂಕಿನಲ್ಲಿ ವೈದ್ಯರು ಒಬ್ಬರೇ. ಅವರೂ ಇಲ್ಲದಿದ್ದರೆ ಮೂವತ್ತು ಕಿಲೋಮೀಟರುಗಳ ದಾರಿಯನ್ನು ರಕ್ತ ಹರಿಯುತ್ತಿರುವಾಗಲೇ ಕ್ರಮಿಸಬೇಕು.

ಈ ಅಂತರವನ್ನು ತುಂಬಲು ನಡೆದ ಯತ್ನಗಳು ಬೇರೆ ಬೇರೆ ದಿಕ್ಕಿನವು. ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಆರಂಭವಾದ ಮೇಲೆ ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆಯ ತರಬೇತಿ ವಿಸ್ತರಿಸಿತು. ತಜ್ಞರಲ್ಲಿ ಕೆಲವರು ಇದನ್ನು ಹಗುರವಾಗಿ ಕಂಡರು. ನಮ್ಮ ಅಭಿಪ್ರಾಯದಲ್ಲಿ ಅದರ ಬೆಲೆ ಕಲಿಸಿದುದರಲ್ಲಿರುವಷ್ಟೇ, ಯಾವ ರೋಗಿಯನ್ನು ಮುಟ್ಟದೆ ಮೈಸೂರಿಗೆ ಕಳುಹಿಸಬೇಕೆಂಬ ವಿವೇಕವನ್ನು ಕಲಿಸಿದುದರಲ್ಲಿಯೂ ಇದೆ. ಎರಡನೆಯದು, ವೈದ್ಯ ಶಿಕ್ಷಣ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕರ್ನಾಟಕದ 2012ರ ಅಧಿನಿಯಮ. ಇದು ಮುಂದೆ ತಿದ್ದುಪಡಿಗೊಂಡು ಖಾಲಿ ಹುದ್ದೆಗಳ ಅಗತ್ಯಕ್ಕೆ ಸೀಮಿತವಾಯಿತು. ಇದು ಕಲಿತವರನ್ನು ತಾಲ್ಲೂಕಿಗೆ ಕಳುಹಿಸಿತೇ ಹೊರತು ತಾಲ್ಲೂಕಿಗಾಗಿ ಕಲಿಸಲಿಲ್ಲ.

2020ರಲ್ಲಿ ಪ್ರಕಟವಾದ ಜಿಲ್ಲಾ ರೆಸಿಡೆನ್ಸಿಯ ನಿಯಮವು ಇವೆರಡಕ್ಕಿಂತ ಮೂಲಭೂತವಾದುದು. ಅದರಂತೆ ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ಮೂರು, ನಾಲ್ಕು ಅಥವಾ ಐದನೆಯ ಅರ್ಧವರ್ಷದಲ್ಲಿ ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸಮಾಡಬೇಕು. 2023ರ ನಿಯಮಾವಳಿಯು ಇದಕ್ಕೆ ಬೇಕಾದ ಆಸ್ಪತ್ರೆಯ ಗಾತ್ರವನ್ನು 50 ಹಾಸಿಗೆಗಳಿಗೆ ಇಳಿಸಿ, ತಾಲ್ಲೂಕು ಆಸ್ಪತ್ರೆಗಳಿಗೂ ಬಾಗಿಲು ತೆರೆಯಿತು. ತಾಲ್ಲೂಕನ್ನು ಶಿಕ್ಷಣದ ಸ್ಥಳವೆಂದು ನಿಯಮವೇ ಒಪ್ಪಿದುದು ಈ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಕಳುಹಿಸಿದ ವಿದ್ಯಾರ್ಥಿಯ ಪಕ್ಕದಲ್ಲಿ ಮೂರು ಹೆಜ್ಜೆ ಹಿಂದೆ ನಿಲ್ಲುವ ಹಿರಿಯರು ಇಲ್ಲದಿದ್ದರೆ ಅದು ಶಿಕ್ಷಣವಲ್ಲ, ಖಾಲಿ ಹುದ್ದೆಗೆ ಅಗ್ಗದ ಕೈ ಮಾತ್ರ. ಬಿಡುವಾದ ಕೈಗೆ ಸೀಸೆ ಕೊಟ್ಟ 1848ರ ಪದ್ಧತಿಯೇ ಹೊಸ ಹೆಸರಿನಲ್ಲಿ ಬಂದಂತೆ. ಆದುದರಿಂದ ನಂಜನಗೂಡಿನಲ್ಲಾಗಲಿ ನರಸೀಪುರದಲ್ಲಾಗಲಿ ಈ ನಿಯಮದ ಫಲವನ್ನು ಮುಂದೆ ಪರೀಕ್ಷಿಸುವ ಸಂಶೋಧಕರು ಎಷ್ಟು ಮಂದಿ ವಿದ್ಯಾರ್ಥಿಗಳು ಬಂದರೆಂಬ ಎಣಿಕೆಗಿಂತ ಮೊದಲು ಲಾಗ್ ಪುಸ್ತಕಗಳನ್ನು ತೆರೆದು, ರಾತ್ರಿಯ ಶಸ್ತ್ರಕ್ರಿಯೆಗಳ ಎದುರಿಗೆ ಯಾರ ಸಹಿ ಇದೆ, ಅವರು ಆ ರಾತ್ರಿ ಊರಿನಲ್ಲಿದ್ದರೇ ಎಂಬುದನ್ನು ನೋಡತಕ್ಕದ್ದು.