ಒಂದೇ ಮನೆ, ನಾಲ್ಕು ತಲೆಮಾರು: ಅಂತರದ ಹಿಂದಿನ ಇತಿಹಾಸ



ನಿಮ್ಮ ಮನೆಯಲ್ಲಿ ದಾದಾ, ದಾದಿ ಅಥವಾ ನಾನಿ ಇದ್ದರೆ ನೀವು ಭಾಗ್ಯವಂತರು. ಆದರೆ ದಿನಕ್ಕೆ ಎಷ್ಟು ಹೊತ್ತು ಅವರೊಂದಿಗೆ ಮಾತನಾಡುತ್ತೀರಿ? ಇಂದಿನ ಮಕ್ಕಳಿಗೆ ಅದಬ್ ಇಲ್ಲ ಎಂಬುದು ಹಿರಿಯರ ದೂರು. ಹಿರಿಯರಿಗೆ ಈಗಿನ ಕಾಲ ತಿಳಿಯದು ಎಂಬುದು ಕಿರಿಯರ ದೂರು. ಇಬ್ಬರೂ ಕಾರಣವನ್ನು ಎದುರಿನವರ ಸ್ವಭಾವದಲ್ಲಿ ಹುಡುಕುತ್ತಾರೆ. ಆದರೆ ಕಾರಣ ಬಹುಪಾಲು ಇರುವುದು ಇತಿಹಾಸದಲ್ಲಿ.

ತಲೆಮಾರುಗಳ ವಿಚಾರವನ್ನು ಆಳವಾಗಿ ಚಿಂತಿಸಿದ ಮೊದಲಿಗರಲ್ಲಿ ಇಬ್ನ್ ಖಲ್ದೂನ್ ಒಬ್ಬರು. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಈ ಮಹಾನ್ ಇತಿಹಾಸಕಾರರು 1377ರಲ್ಲಿ 'ಮುಖದ್ದಿಮಾ' ಬರೆದರು. ಒಂದು ಮನೆತನದ ಹಿರಿಮೆ ಸಾಮಾನ್ಯವಾಗಿ ನಾಲ್ಕು ತಲೆಮಾರುಗಳಲ್ಲಿ ಮುಗಿಯುತ್ತದೆ ಎಂಬುದು ಅವರ ವಿಚಾರ. ಮೊದಲನೆಯವನು ಕಷ್ಟಪಟ್ಟು ಗಳಿಸುತ್ತಾನೆ. ಎರಡನೆಯವನು ಅದನ್ನು ಕಣ್ಣಾರೆ ಕಂಡು ಕಲಿಯುತ್ತಾನೆ. ಮೂರನೆಯವನು ಕೇಳಿದ್ದನ್ನು ಅನುಕರಿಸುತ್ತಾನೆ. ನಾಲ್ಕನೆಯವನು ಎಲ್ಲವೂ ಹುಟ್ಟಿನಿಂದಲೇ ಬಂದಿದೆ ಎಂದು ಭಾವಿಸಿ ಕಳೆದುಕೊಳ್ಳುತ್ತಾನೆ. ಹಿಂದಿನವರು ಪಟ್ಟ ಪಾಡಿನ ಅರಿವು ಮುಂದಿನವರಿಗೆ ತಲುಪದಿದ್ದರೆ ಹಾನಿ ನಿಶ್ಚಿತ ಎಂಬುದೇ ಇದರ ಸಾರ.

ವಯಸ್ಸು ಒಂದೇ ಆದ ಮಾತ್ರಕ್ಕೆ ತಲೆಮಾರು ಒಂದೇ ಆಗುವುದಿಲ್ಲ. ಕವಿ ನಿಸಾರ್ ಅಹಮದ್ 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದರು. ಅದು ಮೈಸೂರು ಅರಸರ ನಾಡು, ಕನ್ನಡ ಬೆಳೆದ ನೆಲ. ಅದೇ ವರ್ಷ ಕಲಬುರಗಿಯಲ್ಲಿ ಹುಟ್ಟಿದ ಮಗು ಹೈದರಾಬಾದ್ ನಿಜಾಮರ ಪ್ರಜೆ. ಒಂದೇ ವಯಸ್ಸಿನ ಈ ಇಬ್ಬರು ಬೆಳೆದದ್ದು ಎರಡು ಬೇರೆ ಲೋಕಗಳಲ್ಲಿ. ಆ ಎರಡನೇ ಮಗುವಿನ ಮನೆಯನ್ನು, ಅಂದರೆ ಕಲಬುರಗಿ, ಬೀದರ್, ರಾಯಚೂರು ಭಾಗದ ನಮ್ಮ ಮನೆಗಳನ್ನು ಈಗ ನೋಡೋಣ.

ಇಂದು 85 ದಾಟಿರುವ ಹಿರಿಯರು ಬಾಲ್ಯದಲ್ಲಿ ಕಂಡದ್ದು ಉರ್ದು ಆಡಳಿತವನ್ನು. ಕಚೇರಿ, ನ್ಯಾಯಾಲಯ, ಹೈಸ್ಕೂಲು ಎಲ್ಲೆಡೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಬೋಧಿಸುತ್ತಿತ್ತು. ಮುಸ್ಲಿಮೇತರ ಮನೆಗಳ ಮಕ್ಕಳೂ ಉರ್ದು ಕಲಿತರು. ಈ ವಾತಾವರಣದಲ್ಲಿ ಬೆಳೆದ ರಾಯಚೂರು ಸೀಮೆಯ ಕವಿ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದವರಲ್ಲಿ ಪ್ರಮುಖರು.

ಆದರೆ ಆ ಲೋಕ ಒಮ್ಮೆಲೇ ಕುಸಿಯಿತು. ಮೊದಲು ರಜಾಕಾರರ ದೌರ್ಜನ್ಯ. ಬಳಿಕ 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ. ಅದರ ಬೆನ್ನಲ್ಲೇ ಅನೇಕ ಕಡೆ ಅಮಾಯಕ ಮುಸ್ಲಿಮರ ಮೇಲೆ ಹಿಂಸಾಚಾರ ನಡೆಯಿತು. ಭಾರತ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇದನ್ನು ವಿಚಾರಿಸಿ ವರದಿ ಕೊಟ್ಟಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಮನೆಗಳಲ್ಲಿಯೂ ಹಾಗೆಯೇ ಆಯಿತು. ಕಂಡವರು ಮಕ್ಕಳ ಮುಂದೆ ಬಾಯಿ ಬಿಡಲಿಲ್ಲ. "ಯಾರ ತಂಟೆಗೂ ಹೋಗಬೇಡ, ಕತ್ತಲಾಗುವ ಮುಂಚೆ ಮನೆ ಸೇರು" ಎಂದು ದಾದಾ ಹೇಳಿದರೆ ನಿಮಗೆ ಅದು ಹೇಡಿತನವೆಂದು ತೋರಬಹುದು. ಅದು ಒಂದು ಕಾಲದಲ್ಲಿ ಜೀವ ಉಳಿಸಿದ ಬುದ್ಧಿಯೂ ಆಗಿರಬಹುದು.

1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1963ರ ಕಾಯ್ದೆಯಿಂದ ಕನ್ನಡ ಆಡಳಿತ ಭಾಷೆಯಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಇದು ಎರಡನೇ ತಲೆಮಾರಿನ ಕಾಲ. ಮನೆಯಲ್ಲಿ ತಂದೆ ಓದಿದ ಭಾಷೆ ಒಂದು, ನೌಕರಿಗೆ ಬೇಕಾದ ಭಾಷೆ ಇನ್ನೊಂದು. 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ಉರ್ದು ಮನೆಗಳಲ್ಲಿ ಆತಂಕವಿತ್ತು. ಆದರೂ ಈ ತಲೆಮಾರಿನವರು ಕನ್ನಡ ಕಲಿತರು, ಅರ್ಜಿ ಬರೆದರು, ಅಂಗಡಿ ನಡೆಸಿದರು, ಪರೀಕ್ಷೆಗೆ ಕುಳಿತರು. ಎರಡು ದೋಣಿಗಳಲ್ಲಿ ಕಾಲಿಟ್ಟು ದಡ ಮುಟ್ಟಿದ ಇವರ ಶ್ರಮವನ್ನು ಯಾರೂ ಹೊಗಳಲಿಲ್ಲ.

ಮೂರನೇ ತಲೆಮಾರು 1990ರ ನಂತರ ಶಾಲೆಗೆ ಹೋದದ್ದು. ಇವರ ಕಾಲಕ್ಕೆ ಇಂಗ್ಲಿಷ್ ಮಾಧ್ಯಮದ ಆಸೆ ಬೆಳೆಯಿತು. 2006ರಲ್ಲಿ ಬಂದ ಸಾಚಾರ್ ಸಮಿತಿ ವರದಿ ನಮ್ಮ ಮುಂದೆ ಕನ್ನಡಿ ಹಿಡಿಯಿತು. 2001ರ ಜನಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇಕಡಾ 59.1, ರಾಷ್ಟ್ರೀಯ ಸರಾಸರಿ ಸುಮಾರು 65. ಮಕ್ಕಳ ಅಂಕಗಳ ಬಗ್ಗೆ ಇಂದು ತಂದೆತಾಯಿಗಳು ಪಡುವ ಚಡಪಡಿಕೆಗೆ ಈ ಹಿನ್ನೆಲೆಯಿದೆ.

ನಾಲ್ಕನೆಯವರು ನೀವು, ವಿದ್ಯಾರ್ಥಿಗಳು. 2020-21ರ ಕೋವಿಡ್ ದಿನಗಳಲ್ಲಿ ಮೊಬೈಲಿನಲ್ಲಿ ಪಾಠ ಕೇಳಿದವರು. ಮನೆಯಲ್ಲಿ ದಖನಿ ಮಾತನಾಡುತ್ತೀರಿ. ಆದರೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೀರಿ. ನಿಮ್ಮಲ್ಲಿ ಅನೇಕರು ಕುರ್‌ಆನನ್ನು ಅರಬಿ ಲಿಪಿಯಲ್ಲಿ ಓದಬಲ್ಲಿರಿ. ಆದರೆ ದಾದಾ ಬರೆದ ಪತ್ರವನ್ನು ಓದಲಾರಿರಿ. ಪೆಟ್ಟಿಗೆಯಲ್ಲಿರುವ ನಿಜಾಮರ ಕಾಲದ ಜಮೀನಿನ ಕಾಗದ ಓದಿಸಲು ಉರ್ದು ಬಲ್ಲವರನ್ನು ಹುಡುಕುತ್ತಾ ಊರೂರು ಅಲೆಯುವ ಕುಟುಂಬಗಳಿವೆ. ಲಿಪಿ ತಪ್ಪಿದರೆ ನೆನಪಿನ ಜೊತೆಗೆ ಹಕ್ಕೂ ತಪ್ಪಬಹುದು.

ಹಿರಿಯರನ್ನು ಅರ್ಥಮಾಡಿಕೊಳ್ಳುವುದೆಂದರೆ ಅವರ ಪ್ರತಿ ಮಾತನ್ನೂ ಒಪ್ಪುವುದಲ್ಲ. ಹತ್ತನೇ ತರಗತಿಯ ನಂತರ ಮೊಮ್ಮಗಳ ಓದು ಸಾಕು ಎಂದು ದಾದಿ ಹೇಳಿದರೆ, ಆ ಮಾತಿನ ಹಿಂದೆ ಇರುವುದು ಒಂದು ಭಯ. ಭಯದ ಮೂಲ ತಿಳಿದವರು ಜಗಳವಾಡುವುದಿಲ್ಲ, ಸಮಾಧಾನ ಹೇಳುತ್ತಾರೆ: ಕಾಲೇಜು ಎಷ್ಟು ದೂರ, ಜೊತೆಗೆ ಯಾರಿದ್ದಾರೆ, ಮರಳುವುದು ಎಷ್ಟು ಗಂಟೆಗೆ. ಹಳೆಯ ತಲೆಮಾರಿನಲ್ಲೂ ಧೈರ್ಯ ಮಾಡಿದವರಿದ್ದರು ಎಂಬುದನ್ನು ಮರೆಯಬೇಡಿ. 1948ರಲ್ಲಿ ಹುಟ್ಟಿದ ಬಾನು ಮುಷ್ತಾಕರನ್ನು ಅವರ ತಂದೆ ಶಿವಮೊಗ್ಗದಲ್ಲಿ ಕನ್ನಡ ಶಾಲೆಗೆ ಸೇರಿಸಿದರು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಒಬ್ಬ ತಂದೆಯ ಒಂದು ತೀರ್ಮಾನ ಎಷ್ಟು ದೂರ ಸಾಗಿತು ನೋಡಿ!

ಹಿರಿಯರಲ್ಲಿಯೂ ಒಂದು ವಿನಂತಿ. ನಿಮ್ಮ ಮೊಮ್ಮಕ್ಕಳು ನಿಮ್ಮ ಕಾಲವನ್ನು ಕಂಡಿಲ್ಲ. ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಬೈಗುಳದ ಬದಲು ಒಂದು ಕಥೆ ಹೇಳಿ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹಿರಿಯರ ಬಳಿ ಕುಳಿತುಕೊಳ್ಳಿ. ಯಾವ ಶಾಲೆ, ಯಾವ ಭಾಷೆ, ಫೀಸು ಎಷ್ಟು, ಓದು ನಿಂತದ್ದು ಯಾಕೆ ಎಂದು ಕೇಳಿ ಬರೆದುಕೊಳ್ಳಿ. ನೋವಿನ ವಿಷಯ ಬಂದರೆ ಒತ್ತಾಯ ಬೇಡ. ಉರ್ದು ಲಿಪಿ ಬಾರದವರು ಅವರಿಂದಲೇ ಅಲಿಫ್, ಬೇ ಕಲಿಯಿರಿ. ಕನ್ನಡ ಬಾರದ ದಾದಿಗೆ ಅ, ಆ ಕಲಿಸಿರಿ. 1948ನ್ನು ಕಂಡ ಕಣ್ಣುಗಳು ಇನ್ನು ಕೆಲವೇ ಉಳಿದಿವೆ. ಅವು ಮುಚ್ಚಿದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಇಬ್ನ್ ಖಲ್ದೂನರು ಎಚ್ಚರಿಸಿದ ಆ ನಾಲ್ಕನೇ ತಲೆಮಾರು ನಾವಾಗದಿರಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.