ಜಿಲ್ಲೆಯಿಂದ ಸರ್ವೆ ನಂಬರಿನವರೆಗೆ

ಬೆಂಗಳೂರಿನ ಜಯನಗರದ ಬಳಿ ಒಂದು ತಿಲಕ್ ನಗರವಿದೆ; ಮೈಸೂರಿನಲ್ಲೂ ಒಂದಿದೆ. ಮೊದಲು ಊರು, ಅನಂತರ ಬಡಾವಣೆ ಎಂದು ಹೇಳಿದರೆ ಗೊಂದಲವಿಲ್ಲ. ಗಣಕದ ವರದಿಯಲ್ಲಿ ಒಂದು ಪಟ್ಟಿಯಿಂದ ಆರಿಸಿದ್ದಕ್ಕೆ ತಕ್ಕಂತೆ ಮುಂದಿನ ಡ್ರಾಪ್‌ಡೌನ್ ಪಟ್ಟಿ ತೆರೆದುಕೊಳ್ಳುವುದೂ ಇದೇ ತತ್ತ್ವದಿಂದ.

ಈ ಕ್ರಮ ಗಣಕಕ್ಕಿಂತ ಹಳೆಯದು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೆ ಆರಂಭವಾಯಿತು. ಸರ್ವೆ ನಂಬರಿನ ಎಣಿಕೆ ಪ್ರತಿ ಗ್ರಾಮಕ್ಕೂ ಬೇರೆ. ಆದ್ದರಿಂದ 'ಸರ್ವೆ ನಂಬರ್ 45' ಎಂದಷ್ಟೇ ಹೇಳಿದರೆ ಜಮೀನು ಸಿಗದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಲ್ಲವೂ ಬೇಕು.

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್, ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು ಸಮಾನ ಮೌಲ್ಯಗಳಿಂದ ಜೋಡಿಸಬಹುದೆಂದು ತೋರಿಸಿದರು. ಗ್ರಾಮಗಳ ಕೋಷ್ಟಕದ ಪ್ರತಿ ಸಾಲಿನಲ್ಲೂ ಅದರ ಹೋಬಳಿಯ ಸಂಕೇತವಿದ್ದರೆ ಸಾಕು. ನೀವು ಹೋಬಳಿ ಆರಿಸಿದೊಡನೆ ಗಣಕವು ಆ ಸಂಕೇತವಿರುವ ಸಾಲುಗಳನ್ನು ಮಾತ್ರ ಹೆಕ್ಕಿ ಕೊಡುತ್ತದೆ.

ಕರ್ನಾಟಕದ 'ಭೂಮಿ' ಯೋಜನೆ ಇದಕ್ಕೆ ಉತ್ತಮ ನಿದರ್ಶನ. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಇಂದು ಪಹಣಿ ನೋಡಲು ಜಿಲ್ಲೆಯಿಂದ ಹಿಸ್ಸಾವರೆಗೆ ಒಂದೊಂದೇ ಪಟ್ಟಿಯಲ್ಲಿ ಇಳಿಯುತ್ತೇವೆ.

ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ಗ್ರಾಮವನ್ನು ಆರಿಸಿದ ಮೇಲೆ ತಾಲ್ಲೂಕನ್ನು ಬದಲಿಸಿದಿರೆನ್ನಿ. ಕೆಳಗಿನ ಪಟ್ಟಿಗಳನ್ನೆಲ್ಲ ಆಗ ಬರಿದು ಮಾಡದಿದ್ದರೆ ಹಳೆಯ ಗ್ರಾಮ ಹಾಗೇ ಉಳಿದು, ವರದಿ ಖಾಲಿ ಬರಬಹುದು ಅಥವಾ ಬೇರೆಯವರ ಜಮೀನಿನದು ಬರಬಹುದು. ಬೆಳೆಸಾಲಕ್ಕೆ ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ರೈತನಿಗೆ ಇದು ಸಣ್ಣ ತಪ್ಪಲ್ಲ.

ಜೋಡಣೆ ಹೆಸರಿನಿಂದಲ್ಲ, ಸಂಕೇತದಿಂದಲೇ ಏಕೆ? 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. ಇಂಥ ಸಂದರ್ಭದಲ್ಲಿ ನಾಲ್ಕು ಸಾಲುಗಳ ಜಿಲ್ಲಾ ಸಂಕೇತ ತಿದ್ದಿದರೆ ಪಟ್ಟಿಗಳು ತಾವೇ ಸರಿಹೋಗುತ್ತವೆ. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಆದರೆ ಬೆಂಗಳೂರು ದಕ್ಷಿಣ ತಾಲ್ಲೂಕು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ! ಹೆಸರನ್ನೇ ನಂಬಿದ ಪ್ರೋಗ್ರಾಂ ಇಲ್ಲಿ ಎಡವುತ್ತದೆ.

ನಿಮ್ಮ ತಾಲ್ಲೂಕಿನ ಹೋಬಳಿ, ಗ್ರಾಮಗಳಿಗೆ ಸಂಕೇತ ಕೊಟ್ಟು ಎರಡು ಕೋಷ್ಟಕ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ. ಒಂದು ಗ್ರಾಮವನ್ನು ಬೇರೆ ಹೋಬಳಿಗೆ ಸೇರಿಸಬೇಕಾದರೆ ಎಷ್ಟು ಕಡೆ ತಿದ್ದಬೇಕೆಂದು ಕೇಳಿ. ಉತ್ತರ 'ಒಂದೇ ಕಡೆ' ಎಂದು ಬಂದರೆ ಪಾಠ ತಲುಪಿದೆ ಎಂದು ತಿಳಿಯಿರಿ.